ಜರ್ಮನಿ: ಸೋಲು, ವಿಭಜನೆ ಮತ್ತು ಪುನರ್ನಿರ್ಮಾಣ (1945–1955)

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿ 1945ರ ಮೇ ತಿಂಗಳಿಂದ ಹತ್ತು ವರ್ಷ ಕಾಲ, ಮೊದಮೊದಲು ಪೂರ್ತಿಯಾಗಿ, ಆಮೇಲೆ ಅರೆಬರೆಯಾಗಿ, ಗೆದ್ದವರ ಆಳ್ವಿಕೆಯಲ್ಲಿತ್ತು. ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಮತ್ತು ಫ್ರಾನ್ಸ್ ಅದನ್ನು ನಾಲ್ಕು ವಲಯಗಳಾಗಿ ಹಂಚಿಕೊಂಡವು. 1949ರಲ್ಲಿ ಅದು ಎರಡು ರಾಷ್ಟ್ರಗಳಾಗಿ ಒಡೆಯಿತು. ಯುದ್ಧ ನಡೆಯುತ್ತಿದ್ದಾಗ ಜರ್ಮನಿಯನ್ನು ತುಂಡು ಮಾಡುವ ಮಾತು ಯಾಲ್ಟಾ ಸಮ್ಮೇಳನದಲ್ಲಿ ಬಂದಿತ್ತು ನಿಜ; ಆದರೆ ಯುದ್ಧ ಮುಗಿಯುವಷ್ಟರಲ್ಲಿ ಮೂರು ಮುಖ್ಯ ದೇಶಗಳೂ ಆ ಯೋಚನೆಯನ್ನು ಕೈಬಿಟ್ಟಿದ್ದವು. ಹಾಗಿದ್ದೂ ದೇಶ ಒಡೆಯಿತು. ಇದನ್ನು ಬಂಡವಾಳಶಾಹಿ ಮತ್ತು ಕಮ್ಯುನಿಸಂ ನಡುವಿನ ಜಗಳವೆಂದು ಹೇಳಿ ಮುಗಿಸುವುದು ರೂಢಿ. ದಾಖಲೆಗಳನ್ನು ಬಿಡಿಸಿ ನೋಡಿದರೆ ಕಾಣುವುದು ಕಲ್ಲಿದ್ದಲು, ಗೋಧಿ, ಯಂತ್ರ ಮತ್ತು ನೋಟುಗಳ ಲೆಕ್ಕ: ಸೋತವರಿಗೆ ಉಣ್ಣಿಸುವವರು ಯಾರು, ನಷ್ಟ ತುಂಬಿಕೊಳ್ಳುವವರು ಯಾರು ಎಂಬ ತಕರಾರು.

ಶರಣಾಗತಿ ಮತ್ತು ವಲಯಗಳು

ಶರಣಾಗತಿ ಪತ್ರಕ್ಕೆ ಮೇ 7ರಂದು ಫ್ರಾನ್ಸಿನ ರೀಮ್ಸ್ ನಗರದಲ್ಲಿ ಸಹಿ ಬಿತ್ತು. ಸೋವಿಯತ್ ಒತ್ತಾಯದಿಂದ ಮರುದಿನ ರಾತ್ರಿ ಬರ್ಲಿನ್ನಿನ ಕಾರ್ಲ್ಸ್‌ಹಾರ್ಸ್ಟ್‌ನಲ್ಲಿ ಇನ್ನೊಮ್ಮೆ ಸಹಿಯಾಯಿತು. ಹಿಟ್ಲರ್ ಸತ್ತ ಮೇಲೆ ಅಧಿಕಾರ ಹಿಡಿದಿದ್ದ ಅಡ್ಮಿರಲ್ ಡೋನಿಟ್ಸ್‌ನ ಸರ್ಕಾರ ಡೆನ್ಮಾರ್ಕ್ ಗಡಿಯ ಫ್ಲೆನ್ಸ್‌ಬುರ್ಗ್ ಪಟ್ಟಣದಲ್ಲಿ ಇನ್ನೂ ಎರಡು ವಾರ ಸಭೆ ಸೇರುತ್ತಲೇ ಇತ್ತು. ಮೇ 23ರಂದು ಅದರ ಸದಸ್ಯರನ್ನು ಬಂಧಿಸಲಾಯಿತು. ಜೂನ್ 5ರ ಬರ್ಲಿನ್ ಘೋಷಣೆಯ ಮೂಲಕ ನಾಲ್ಕೂ ದೇಶಗಳು ಜರ್ಮನಿಯ ಪರಮಾಧಿಕಾರವನ್ನು ತಾವೇ ವಹಿಸಿಕೊಂಡವು. 1918ರಲ್ಲಿ ಸೋತಾಗ ಜರ್ಮನಿಗೆ ತನ್ನದೇ ಸರ್ಕಾರವಿತ್ತು. 1945ರಲ್ಲಿ ಜಪಾನಿಗೂ ಚಕ್ರವರ್ತಿ ಮತ್ತು ಮಂತ್ರಿಮಂಡಲ ಉಳಿದವು. ಜರ್ಮನಿಗೆ ಮಾತುಕತೆಗೆ ಕೂರಲು ತನ್ನವರೆಂಬುವರು ಯಾರೂ ಉಳಿಯಲಿಲ್ಲ.

ವಲಯಗಳ ಗೆರೆ ಎಳೆದದ್ದು ಯುದ್ಧ ಮುಗಿಯುವ ಮೊದಲೇ, 1944ರ ಸೆಪ್ಟೆಂಬರ್ 12ರ ಲಂಡನ್ ಒಡಂಬಡಿಕೆಯಲ್ಲಿ. ಪೂರ್ವ ಭಾಗ ಸೋವಿಯತ್‌ಗೆ, ರೂರ್ ಕಣಿವೆಯ ಗಣಿ–ಕಾರ್ಖಾನೆಗಳಿದ್ದ ವಾಯವ್ಯ ಭಾಗ ಬ್ರಿಟನ್ನಿಗೆ, ಬವೇರಿಯ ಸೇರಿದ ದಕ್ಷಿಣ ಭಾಗ ಅಮೆರಿಕಕ್ಕೆ ಎಂದಾಯಿತು. ಫ್ರಾನ್ಸಿಗೆ ನೈಋತ್ಯದಲ್ಲಿ ಸಿಕ್ಕ ತುಂಡು ಬ್ರಿಟಿಷ್ ಮತ್ತು ಅಮೆರಿಕನ್ ಪಾಲುಗಳಿಂದಲೇ ಆಮೇಲೆ ಕತ್ತರಿಸಿ ಕೊಟ್ಟದ್ದು. ರಷ್ಯನ್ನರಿಗೆ ಹೊಲ ಸಿಕ್ಕಿತು, ಇಂಗ್ಲಿಷರಿಗೆ ಹೊಗೆಗೂಡು ಸಿಕ್ಕಿತು, ಅಮೆರಿಕನ್ನರಿಗೆ ಬೆಟ್ಟಗುಡ್ಡಗಳ ನೋಟ ಸಿಕ್ಕಿತು ಎಂದು ಆಗ ಜನ ಆಡಿಕೊಳ್ಳುತ್ತಿದ್ದರು.

ಸೋವಿಯತ್ ವಲಯದೊಳಗೆ ಸುಮಾರು 160 ಕಿಲೋಮೀಟರ್ ದೂರದಲ್ಲಿದ್ದ ಬರ್ಲಿನ್ ನಗರವನ್ನೂ ನಾಲ್ಕು ಪಾಲು ಮಾಡಲಾಯಿತು. ಅಮೆರಿಕನ್ ಸೇನೆ ಯುದ್ಧದ ಕೊನೆಯಲ್ಲಿ ಗೆದ್ದುಕೊಂಡಿದ್ದ ಥುರಿಂಗಿಯ ಮತ್ತು ಸ್ಯಾಕ್ಸನಿಯ ಭಾಗಗಳನ್ನು ಬಿಟ್ಟು ಹಿಂದೆ ಸರಿದಾಗ, ಜುಲೈ ಮೊದಲ ವಾರದಲ್ಲಿ, ಪಾಶ್ಚಾತ್ಯ ಸೇನೆಗಳಿಗೆ ಬರ್ಲಿನ್ ಪ್ರವೇಶ ಸಿಕ್ಕಿತು. ಹಾಗೆ ಸರಿಯುವಾಗ ಅವರು ಬರಿಗೈಯಲ್ಲೇನೂ ಹೋಗಲಿಲ್ಲ. ಯೇನಾ ಊರಿನ ಪ್ರಸಿದ್ಧ ತ್ಸೈಸ್ ಮಸೂರ ಕಾರ್ಖಾನೆಯ ತಜ್ಞರನ್ನೂ ನಕ್ಷೆಗಳನ್ನೂ ಪಶ್ಚಿಮಕ್ಕೆ ಸಾಗಿಸಿದರು. ಉಳಿದ ಯಂತ್ರಗಳನ್ನು ಆಮೇಲೆ ಸೋವಿಯತ್ತರು ಬಿಚ್ಚಿ ಒಯ್ದರು. ಒಂದು ಕಾರ್ಖಾನೆ ಎರಡಾಗಿ, ಎರಡೂ ಒಂದೇ ಹೆಸರಿಗಾಗಿ ದಶಕಗಳ ಕಾಲ ನ್ಯಾಯಾಲಯಗಳಲ್ಲಿ ಬಡಿದಾಡಿದವು.

ಬರ್ಲಿನ್ನಿಗೆ ಹೋಗಿಬರುವ ರಸ್ತೆ ಮತ್ತು ರೈಲು ಮಾರ್ಗಗಳ ಬಗ್ಗೆ ಗಟ್ಟಿಯಾದ ಲಿಖಿತ ಭರವಸೆಯನ್ನು ಪಾಶ್ಚಾತ್ಯರು ಪಡೆದುಕೊಳ್ಳಲಿಲ್ಲ. ವಿಮಾನ ಮಾರ್ಗಕ್ಕೆ ಮಾತ್ರ, 1945ರ ನವೆಂಬರಿನಲ್ಲಿ, ಮೂರು ಆಕಾಶಪಥಗಳ ಲಿಖಿತ ಒಪ್ಪಂದವಾಯಿತು. ಡಿಕ್ಕಿ ತಪ್ಪಿಸಲೆಂದು ಮಾಡಿಕೊಂಡ ಈ ಏರ್ಪಾಡು ಮೂರು ವರ್ಷಗಳ ನಂತರ ಇಪ್ಪತ್ತು ಲಕ್ಷ ಜನರ ಹೊಟ್ಟೆ ಹೊರೆಯಿತು.

ಪಾಟ್ಸ್‌ಡ್ಯಾಮ್

1945ರ ಜುಲೈ 17ರಿಂದ ಆಗಸ್ಟ್ 2ರವರೆಗೆ ಬರ್ಲಿನ್ ಪಕ್ಕದ ಪಾಟ್ಸ್‌ಡ್ಯಾಮ್‌ನಲ್ಲಿ ಟ್ರೂಮನ್, ಸ್ಟಾಲಿನ್, ಚರ್ಚಿಲ್ (ಚುನಾವಣೆಯಲ್ಲಿ ಚರ್ಚಿಲ್ ಸೋತ ಮೇಲೆ ಆಟ್ಲಿ) ಸೇರಿದರು. ನಿಶ್ಶಸ್ತ್ರೀಕರಣ, ನಾತ್ಸಿ ನಿರ್ಮೂಲನ, ಪ್ರಜಾಪ್ರಭುತ್ವದ ಪುನಃಸ್ಥಾಪನೆ, ದೊಡ್ಡ ಉದ್ಯಮಕೂಟಗಳ ವಿಸರ್ಜನೆ, ಇವಕ್ಕೆಲ್ಲ ಸುಲಭವಾಗಿ ಒಪ್ಪಿಗೆಯಾಯಿತು. ತೊಡಕಿದ್ದದ್ದು ಹಣಕಾಸಿನಲ್ಲಿ. ಜರ್ಮನಿಯನ್ನು ಒಂದೇ ಆರ್ಥಿಕ ಘಟಕವಾಗಿ ನಡೆಸಬೇಕೆಂದು ಒಪ್ಪಂದದ ಒಂದು ಕಡೆ ಇತ್ತು. ಇನ್ನೊಂದು ಕಡೆ, ಯುದ್ಧ ಪರಿಹಾರವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ವಲಯದಿಂದ ವಸೂಲಿ ಮಾಡಿಕೊಳ್ಳಬೇಕೆಂದಿತ್ತು. ಜೊತೆಗೆ ಪಶ್ಚಿಮ ವಲಯಗಳ ಹೆಚ್ಚುವರಿ ಯಂತ್ರಗಳಲ್ಲಿ ಶೇ 10ರಷ್ಟು ಸೋವಿಯತ್‌ಗೆ ಉಚಿತವಾಗಿ, ಶೇ 15ರಷ್ಟು ಆಹಾರ ಮತ್ತು ಕಲ್ಲಿದ್ದಲಿಗೆ ಬದಲಾಗಿ ಸಲ್ಲಬೇಕಿತ್ತು. ಈ ಎರಡು ಕಲಮುಗಳು ಒಟ್ಟಿಗೆ ನಡೆಯುವಂಥವಲ್ಲ. ಒಡಕಿನ ಬೀಜವನ್ನು ಹುಡುಕುವವರು ಇಲ್ಲಿಂದಲೇ ಶುರುಮಾಡಬೇಕು.

ಸಮ್ಮೇಳನಕ್ಕೆ ಕರೆಯದಿದ್ದ ಫ್ರಾನ್ಸ್ ಅಲ್ಲಿನ ತೀರ್ಮಾನಗಳಿಗೆ ತಾನು ಬದ್ಧವಲ್ಲವೆಂದಿತು. ಬರ್ಲಿನ್ನಿನ ಮಿತ್ರರಾಷ್ಟ್ರಗಳ ನಿಯಂತ್ರಣ ಮಂಡಳಿಯಲ್ಲಿ ಸರ್ವಾನುಮತವಿಲ್ಲದೆ ಏನೂ ನಡೆಯುವಂತಿರಲಿಲ್ಲ. ಇಡೀ ಜರ್ಮನಿಗೆ ರೈಲು, ಅಂಚೆ, ಹಣಕಾಸು ಮುಂತಾದ ಕೇಂದ್ರೀಯ ಇಲಾಖೆಗಳನ್ನು ರಚಿಸುವ ಪ್ರಸ್ತಾಪ ಬಂದಾಗಲೆಲ್ಲ ಅಡ್ಡಗಾಲು ಹಾಕಿದ್ದು ಮಾಸ್ಕೋ ಅಲ್ಲ, ಪ್ಯಾರಿಸ್. ಎಪ್ಪತ್ತು ವರ್ಷಗಳಲ್ಲಿ ಮೂರು ಬಾರಿ ಜರ್ಮನ್ ಸೇನೆ ಮನೆಯೊಳಕ್ಕೆ ನುಗ್ಗಿದ್ದನ್ನು ಕಂಡಿದ್ದ ದೇಶ ಹಾಗೆ ಮಾಡಿದ್ದು ಸಹಜ. ಆದರೆ ವಿಭಜನೆಯ ಕಥೆಯಲ್ಲಿ ಈ ಪಾತ್ರ ಸಾಮಾನ್ಯವಾಗಿ ಮರೆಯಾಗುತ್ತದೆ.

ಪಾಟ್ಸ್‌ಡ್ಯಾಮ್‌ನಲ್ಲಿ ಓಡರ್ ಮತ್ತು ನೈಸ್ಸೆ ನದಿಗಳ ಪೂರ್ವದ ಜರ್ಮನ್ ನೆಲ ಪೋಲೆಂಡಿನ ಆಡಳಿತಕ್ಕೆ ಹೋಯಿತು. ಪೂರ್ವ ಪ್ರಷ್ಯದ ಉತ್ತರ ಭಾಗ ಸೋವಿಯತ್ ಪಾಲಾಯಿತು. ಅಲ್ಲಿಂದಲೂ ಚೆಕೊಸ್ಲೊವಾಕಿಯ ಮತ್ತು ಹಂಗೇರಿಗಳಿಂದಲೂ ಜರ್ಮನರನ್ನು ಹೊರಹಾಕಲಾಯಿತು. ಓಡಿಬಂದವರು, ಅಟ್ಟಲ್ಪಟ್ಟವರು ಸೇರಿ ಸುಮಾರು 1.2 ಕೋಟಿ ಜನ. 1950ರ ಜನಗಣತಿಯ ವೇಳೆಗೆ ಪಶ್ಚಿಮ ಜರ್ಮನಿಯ ಆರು ಜನರಲ್ಲಿ ಒಬ್ಬ ಹೀಗೆ ಬಂದವನು. ಉತ್ತರದ ಷ್ಲೆಸ್‌ವಿಗ್–ಹೋಲ್‌ಸ್ಟೈನ್‌ನಲ್ಲಿ ಮೂವರಲ್ಲಿ ಒಬ್ಬ.

ಹಸಿವಿನ ವರ್ಷಗಳು

ನಗರಗಳಲ್ಲಿ ಸುಮಾರು 40 ಕೋಟಿ ಘನ ಮೀಟರ್ ಅವಶೇಷ ಬಿದ್ದಿತ್ತು. ಗಂಡಸರು ಸತ್ತಿದ್ದರು ಅಥವಾ ಸೆರೆಯಲ್ಲಿದ್ದರು. ಹೆಂಗಸರು ಸಾಲಾಗಿ ನಿಂತು ಬಕೆಟ್‌ಗಳನ್ನು ಕೈಯಿಂದ ಕೈಗೆ ದಾಟಿಸಿ, ಇಟ್ಟಿಗೆಗೆ ಅಂಟಿದ ಗಾರೆಯನ್ನು ಸುತ್ತಿಗೆಯಿಂದ ಕುಟ್ಟಿ ಬಿಡಿಸಿ, ಮತ್ತೆ ಬಳಸಲು ಪೇರಿಸಿಟ್ಟರು. ಬರ್ಲಿನ್ನಿನಲ್ಲಿ ಈ ಕೆಲಸಕ್ಕೆ ಹೋದವರಿಗೆ ಹೆಚ್ಚಿನ ಪಡಿತರದ ಚೀಟಿ ಸಿಗುತ್ತಿತ್ತು. ಬಹುಪಾಲು ಹೆಂಗಸರು ಹೋದದ್ದು ಅದಕ್ಕಾಗಿ. ನಾತ್ಸಿ ಕಾಲದ ಒಂದು ಅರೆಕಟ್ಟಿದ ಸೈನಿಕ ಕಾಲೇಜನ್ನು ಮುಚ್ಚಿ ಅದರ ಮೇಲೆಯೇ ಸುರಿದ ಅವಶೇಷ ಇಂದು ಟಾಯ್‌ಫೆಲ್ಸ್‌ಬೆರ್ಗ್ ಎಂಬ 120 ಮೀಟರ್ ಎತ್ತರದ ಗುಡ್ಡವಾಗಿದೆ.

ಪಡಿತರ ಹಲವು ಕಡೆ ದಿನಕ್ಕೆ ಸಾವಿರದಿಂದ ಒಂದೂವರೆ ಸಾವಿರ ಕ್ಯಾಲೊರಿಯ ನಡುವೆ ಏರಿಳಿಯುತ್ತಿತ್ತು. 1946–47ರ ಚಳಿಗಾಲವಂತೂ ನದಿಗಳನ್ನೂ ಕಾಲುವೆಗಳನ್ನೂ ಹೆಪ್ಪುಗಟ್ಟಿಸಿ ಕಲ್ಲಿದ್ದಲಿನ ದೋಣಿಗಳನ್ನು ನಿಲ್ಲಿಸಿತು. 1946ರ ಕೊನೆಯ ದಿನ ಕಲೋನ್ ನಗರದ ಕಾರ್ಡಿನಲ್ ಫ್ರಿಂಗ್ಸ್ ತಮ್ಮ ಪ್ರವಚನದಲ್ಲಿ, ದುಡಿದು ಅಥವಾ ಬೇಡಿ ಪಡೆಯಲಾಗದಾಗ ಜೀವ ಉಳಿಸಿಕೊಳ್ಳಲು ಬೇಕಾದದ್ದನ್ನು ತೆಗೆದುಕೊಳ್ಳುವುದು ತಪ್ಪಲ್ಲ ಎಂಬರ್ಥದ ಮಾತಾಡಿದರು. ರೈಲು ವ್ಯಾಗನ್‌ಗಳಿಂದ ಕಲ್ಲಿದ್ದಲು ಕದಿಯುವುದಕ್ಕೆ ಜನ ಅವರ ಹೆಸರನ್ನೇ ಕ್ರಿಯಾಪದ ಮಾಡಿಕೊಂಡರು. ಕಾಳಸಂತೆಯಲ್ಲಿ ಅಮೆರಿಕನ್ ಸಿಗರೇಟೇ ನಾಣ್ಯವಾಗಿತ್ತು. ಪಟ್ಟಣದವರು ಕಂಬಳಿ, ಗಡಿಯಾರ, ಬೆಳ್ಳಿ ಚಮಚಗಳನ್ನು ಚೀಲಕ್ಕೆ ತುಂಬಿ ಹಳ್ಳಿಗೆ ರೈಲು ಹತ್ತಿ ಆಲೂಗೆಡ್ಡೆ ಹೊತ್ತು ಬರುತ್ತಿದ್ದರು.

ಬ್ರಿಟನ್ನಿನ ಪಾಡೂ ಹೆಚ್ಚೇನೂ ಬೇರೆಯಿರಲಿಲ್ಲ. ಜರ್ಮನಿಯ ಅತ್ಯಂತ ಜನನಿಬಿಡ ವಲಯ ಅದರ ಪಾಲಿಗೆ ಬಿದ್ದಿತ್ತು. ಆಹಾರ ಬೆಳೆಯುವ ಪೂರ್ವ ಭಾಗದಿಂದ ಧಾನ್ಯ ಬರುತ್ತಿರಲಿಲ್ಲ. ಯುದ್ಧದ ಆರು ವರ್ಷವೂ ಬ್ರೆಡ್ಡಿಗೆ ಪಡಿತರ ಹಾಕದ ಬ್ರಿಟನ್, ಯುದ್ಧ ಗೆದ್ದ ಮೇಲೆ, 1946ರ ಜುಲೈನಲ್ಲಿ, ತನ್ನ ಜನರ ಬ್ರೆಡ್ಡಿಗೆ ಪಡಿತರ ಹಾಕಬೇಕಾಯಿತು. ಶತ್ರುವಿನ ಹೊಟ್ಟೆ ತುಂಬಿಸಲು ಡಾಲರ್ ಸುರಿಯುವುದು ಲಂಡನ್ನಿಗೆ ಅಸಾಧ್ಯವಾದಾಗಲೇ ಬ್ರಿಟಿಷ್ ಮತ್ತು ಅಮೆರಿಕನ್ ವಲಯಗಳನ್ನು ಕೂಡಿಸುವ ಮಾತು ಹುಟ್ಟಿತು. ಅತ್ತ ಅಮೆರಿಕನ್ ವಲಯದ ಉಪ ಸೇನಾ ಗವರ್ನರ್ ಆಗಿದ್ದ ಜನರಲ್ ಕ್ಲೇ 1946ರ ಮೇ ತಿಂಗಳಲ್ಲಿ ತನ್ನ ವಲಯದಿಂದ ಪರಿಹಾರದ ಯಂತ್ರಗಳನ್ನು ಕಳಿಸುವುದನ್ನು ನಿಲ್ಲಿಸಿದ. ಸೆಪ್ಟೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಬರ್ನ್ಸ್ ಸ್ಟುಟ್‌ಗಾರ್ಟ್‌ನಲ್ಲಿ ಜರ್ಮನರಿಗೇ ಆಡಳಿತ ಮರಳಿಸುವ ಮಾತಾಡಿದರು. 1947ರ ಜನವರಿ 1ರಂದು ಎರಡು ವಲಯಗಳು ಆರ್ಥಿಕವಾಗಿ ಒಂದಾದವು.

ನಾತ್ಸಿ ನಿರ್ಮೂಲನ

ನ್ಯೂರೆಂಬರ್ಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ 1945ರ ನವೆಂಬರಿನಿಂದ ಮರುವರ್ಷದ ಅಕ್ಟೋಬರ್ 1ರವರೆಗೆ ವಿಚಾರಣೆ ನಡೆಸಿ, 22 ಮಂದಿಯ ಬಗ್ಗೆ ತೀರ್ಪು ಕೊಟ್ಟು, 12 ಜನರಿಗೆ ಮರಣದಂಡನೆ ವಿಧಿಸಿತು; ಮೂವರನ್ನು ಬಿಡುಗಡೆ ಮಾಡಿತು. ದೊಡ್ಡವರ ವಿಚಾರಣೆ ಅಲ್ಲಿಗೆ ಮುಗಿಯಿತು. ಲಕ್ಷಾಂತರ ಸಣ್ಣವರನ್ನು ಏನು ಮಾಡುವುದು?

ಅಮೆರಿಕನ್ನರು 131 ಪ್ರಶ್ನೆಗಳ ಒಂದು ಪತ್ರಿಕೆ ಹಂಚಿದರು. ಪಕ್ಷದ ಸದಸ್ಯತ್ವದಿಂದ ಹಿಡಿದು ಎತ್ತರ, ತೂಕದವರೆಗೆ ಎಲ್ಲವನ್ನೂ ಅದರಲ್ಲಿ ಕೇಳಲಾಗಿತ್ತು. 1946ರ ಮಾರ್ಚಿನ ಕಾನೂನಿನಂತೆ ಜರ್ಮನರೇ ಇದ್ದ ಸ್ಥಳೀಯ ಮಂಡಳಿಗಳು ಪ್ರತಿಯೊಬ್ಬನನ್ನೂ ಮುಖ್ಯ ಅಪರಾಧಿಯಿಂದ ನಿರ್ದೋಷಿಯವರೆಗೆ ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸಬೇಕಿತ್ತು. ಪಾದ್ರಿ, ನೆರೆಯವ, ಹಳೆಯ ಸಹೋದ್ಯೋಗಿ ಹೀಗೆ ಯಾರಾದರೊಬ್ಬರಿಂದ ಒಳ್ಳೆಯ ನಡತೆಯ ಪತ್ರ ತಂದರೆ ಬಹುತೇಕರು 'ಹಿಂಬಾಲಕ' ಎಂಬ ನಾಲ್ಕನೆಯ ವರ್ಗಕ್ಕೆ ಇಳಿದು ಸಣ್ಣ ದಂಡ ಕಟ್ಟಿ ಮನೆಗೆ ಹೋಗುತ್ತಿದ್ದರು. ಬಟ್ಟೆ ತೊಳೆಯುವ ಪರ್ಸಿಲ್ ಪುಡಿಯ ಹೆಸರನ್ನು ಆ ಪತ್ರಗಳಿಗೆ ಇಟ್ಟವರು ಅದರ ಬೆಲೆ ತಿಳಿದವರೇ. ಸುಲಭದ ಪ್ರಕರಣಗಳನ್ನು ಮೊದಲು ಕೈಗೆತ್ತಿಕೊಂಡಿದ್ದರಿಂದ ಚಿಕ್ಕವರಿಗೆ ಬಿಸಿ ತಾಗಿತು. ಘೋರ ಪ್ರಕರಣಗಳ ಸರದಿ ಬರುವಷ್ಟರಲ್ಲಿ ಶೀತಲ ಸಮರ ಶುರುವಾಗಿ ಯಾರಿಗೂ ಆಸಕ್ತಿ ಉಳಿದಿರಲಿಲ್ಲ. ನಾತ್ಸಿ ಜನಾಂಗ ಕಾನೂನುಗಳಿಗೆ ಭಾಷ್ಯ ಬರೆದವರಲ್ಲಿ ಒಬ್ಬನಾದ ಹನ್ಸ್ ಗ್ಲೋಬ್ಕೆ 1953ರಿಂದ ಹತ್ತು ವರ್ಷ ಪಶ್ಚಿಮ ಜರ್ಮನಿಯ ಚಾನ್ಸಲರ್ ಕಚೇರಿಯ ಮುಖ್ಯಸ್ಥನಾಗಿದ್ದ.

ಪೂರ್ವದಲ್ಲಿ ನ್ಯಾಯಾಧೀಶರನ್ನೂ ಶಾಲಾ ಮಾಸ್ತರರನ್ನೂ ಹೆಚ್ಚು ಕಟ್ಟುನಿಟ್ಟಾಗಿ ತೆಗೆದುಹಾಕಿ, ಕೆಲವೇ ತಿಂಗಳ ತರಬೇತಿ ಪಡೆದ ಹೊಸಬರನ್ನು ನೇಮಿಸಲಾಯಿತು. ಆದರೆ ಅಲ್ಲಿ ಬುಖೆನ್‌ವಾಲ್ಡ್‌ನಂಥ ನಾತ್ಸಿ ಸೆರೆಶಿಬಿರವೇ 1950ರವರೆಗೆ ಸೋವಿಯತ್ ಸೆರೆಶಿಬಿರವಾಗಿ ಮುಂದುವರಿಯಿತು. ಒಳಗಿದ್ದವರಲ್ಲಿ ನಾತ್ಸಿಗಳಷ್ಟೇ ಅಲ್ಲ, ಹೊಸ ಆಡಳಿತಕ್ಕೆ ಬೇಡವಾದವರೂ ಇದ್ದರು.

ಸೋವಿಯತ್ ವಲಯ

ಯುದ್ಧದಲ್ಲಿ ಎರಡು ಕೋಟಿಗೂ ಹೆಚ್ಚು ಜನರನ್ನು ಕಳೆದುಕೊಂಡಿದ್ದ ಸೋವಿಯತ್ ಒಕ್ಕೂಟಕ್ಕೆ ಪರಿಹಾರ ಎಂಬುದು ಬರಿಯ ಸೇಡಲ್ಲ, ಅಗತ್ಯ. ಅದು ಕಾರ್ಖಾನೆಗಳನ್ನು ಬಿಚ್ಚಿ ರೈಲಿಗೆ ಹೇರಿತು. ಜೋಡಿ ಹಳಿ ಇದ್ದ ಮಾರ್ಗಗಳಲ್ಲಿ ಒಂದು ಹಳಿಯನ್ನೇ ಕಿತ್ತು ಒಯ್ದಿತು. 1946ರ ಅಕ್ಟೋಬರಿನ ಒಂದು ಬೆಳಗ್ಗೆ ಎರಡು ಸಾವಿರಕ್ಕೂ ಹೆಚ್ಚು ತಜ್ಞರನ್ನು ಕುಟುಂಬ ಸಮೇತ ಎಬ್ಬಿಸಿ ಪೂರ್ವಕ್ಕೆ ಕರೆದೊಯ್ದಿತು. (ಅಮೆರಿಕನ್ನರು ವೆರ್ನರ್ ಫಾನ್ ಬ್ರೌನ್ ಮತ್ತು ಅವನ ರಾಕೆಟ್ ತಂಡವನ್ನು ಅಷ್ಟರಲ್ಲಾಗಲೇ ಸಾಗಿಸಿದ್ದರು.) ದಕ್ಷಿಣ ಸ್ಯಾಕ್ಸನಿಯ ಬೆಟ್ಟಗಳಲ್ಲಿ ವಿಸ್ಮುಟ್ ಸಂಸ್ಥೆ ತೆಗೆದ ಯುರೇನಿಯಂ ಸೋವಿಯತ್ ಅಣುಬಾಂಬಿಗೆ ಹೋಯಿತು.

100 ಹೆಕ್ಟೇರಿಗಿಂತ ದೊಡ್ಡ ಜಮೀನ್ದಾರಿಗಳನ್ನು 1945ರ ಸೆಪ್ಟೆಂಬರಿನಿಂದ ಪರಿಹಾರವಿಲ್ಲದೆ ವಶಪಡಿಸಿಕೊಂಡು ಭೂಹೀನರಿಗೂ ಪೂರ್ವದಿಂದ ಬಂದ ನಿರಾಶ್ರಿತರಿಗೂ ಹಂಚಲಾಯಿತು. ಆಗ ಇದಕ್ಕೆ ನಿಜವಾದ ಜನಬೆಂಬಲವಿತ್ತು. ರಾಜಕೀಯಕ್ಕೆ ಅಷ್ಟು ಇರಲಿಲ್ಲ. 1946ರ ಏಪ್ರಿಲಿನಲ್ಲಿ ಸೋಷಿಯಲ್ ಡೆಮಾಕ್ರಟ್ ಪಕ್ಷವನ್ನು ಕಮ್ಯುನಿಸ್ಟ್ ಪಕ್ಷದೊಂದಿಗೆ ಬಲವಂತವಾಗಿ ವಿಲೀನ ಮಾಡಿ ಸಮಾಜವಾದಿ ಏಕತಾ ಪಕ್ಷ ಕಟ್ಟಿದರು. ಆ ಅಕ್ಟೋಬರಿನಲ್ಲಿ ಇಡೀ ಬರ್ಲಿನ್ನಿನಲ್ಲಿ ಮುಕ್ತ ಚುನಾವಣೆ ನಡೆದಾಗ ಆ ಪಕ್ಷಕ್ಕೆ ಬಂದದ್ದು ಶೇ 20ಕ್ಕಿಂತ ಕಡಿಮೆ ಮತ. ಅಂಥ ಚುನಾವಣೆ 1990ರವರೆಗೆ ಮತ್ತೆ ನಡೆಯಲಿಲ್ಲ.

ನೋಟು ಬದಲಾದ ಭಾನುವಾರ

ಯುದ್ಧಕಾಲದಲ್ಲಿ ಮಿತಿಯಿಲ್ಲದೆ ಅಚ್ಚಾದ ರೈಷ್‌ಮಾರ್ಕ್‌ಗೆ ಬೆಲೆಯೇ ಇರಲಿಲ್ಲ. ನಾಲ್ಕೂ ವಲಯಕ್ಕೆ ಒಂದೇ ಹೊಸ ನೋಟು ತರುವ ಮಾತುಕತೆ, ಅದನ್ನು ಎಲ್ಲಿ, ಯಾರ ಕಾವಲಲ್ಲಿ ಅಚ್ಚು ಹಾಕಬೇಕೆಂಬ ಪ್ರಶ್ನೆಯಲ್ಲಿ ಸಿಕ್ಕಿಬಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಗುಟ್ಟಾಗಿ ಅಚ್ಚಾದ ನೋಟಿನ ಪೆಟ್ಟಿಗೆಗಳು ಹಡಗಿನಲ್ಲಿ ಬ್ರೆಮರ್‌ಹಾವೆನ್‌ಗೆ ಬಂದಿಳಿದವು. 1948ರ ಮಾರ್ಚ್ 20ರಂದು ಸೋವಿಯತ್ ಪ್ರತಿನಿಧಿ ಸೊಕೊಲೊವ್‌ಸ್ಕಿ ನಿಯಂತ್ರಣ ಮಂಡಳಿಯಿಂದ ಎದ್ದು ಹೊರನಡೆದ. ಮಂಡಳಿಯ ಆಡಳಿತ ಅಲ್ಲಿಗೆ ನಿಂತುಹೋಯಿತು.

ಜೂನ್ 20ರ ಭಾನುವಾರ ಪಶ್ಚಿಮ ವಲಯಗಳಲ್ಲಿ ಜನ ಪಡಿತರ ಕೇಂದ್ರಗಳ ಮುಂದೆ ಸಾಲುಗಟ್ಟಿ ತಲೆಗೆ 40 ಡಾಯ್ಚ ಮಾರ್ಕ್ ಪಡೆದರು. ಕೆಲವು ವಾರಗಳ ನಂತರ ಇನ್ನೂ 20 ಬಂತು. ಸಂಬಳ, ಬಾಡಿಗೆಗಳು ಒಂದಕ್ಕೆ ಒಂದರಂತೆ ಮುಂದುವರಿದವು. ಬ್ಯಾಂಕಿನ ಉಳಿತಾಯ ಮಾತ್ರ ಕೊನೆಗೆ 100ಕ್ಕೆ ಆರೂವರೆಯಾಗಿ ಉಳಿಯಿತು. ಮರುದಿನ ಅಂಗಡಿಗಳ ಗಾಜಿನ ಹಿಂದೆ ಪಾತ್ರೆ, ಚಪ್ಪಲಿ, ಸೈಕಲ್ ಟೈರು, ಬೆಣ್ಣೆ ಎಲ್ಲವೂ ಪ್ರತ್ಯಕ್ಷವಾದವು. ಇದನ್ನು ಪವಾಡವೆಂದು ಕೊಂಡಾಡುವವರಿದ್ದಾರೆ. ವ್ಯಾಪಾರಿಗಳು ಹೊಸ ನೋಟು ಬರುವವರೆಗೆ ಸರಕನ್ನು ಬಚ್ಚಿಟ್ಟಿದ್ದರು, ಅಷ್ಟೆ. ಮನೆ, ಜಮೀನು, ಕಾರ್ಖಾನೆ ಇದ್ದವರಿಗೆ ಏನೂ ಆಗಲಿಲ್ಲ, ಪುಸ್ತಕದಲ್ಲಿ ದುಡ್ಡಿಟ್ಟ ವಿಧವೆಯರು ಮುಳುಗಿದರು. ಆರ್ಥಿಕ ನಿರ್ದೇಶಕ ಲುಡ್ವಿಗ್ ಎರ್ಹಾರ್ಡ್ ಅದೇ ಹೊತ್ತಿಗೆ ಬಹಳಷ್ಟು ಬೆಲೆ ನಿಯಂತ್ರಣಗಳನ್ನು ಎತ್ತಿಹಾಕಿದ್ದರಿಂದ ಬೆಲೆಗಳು ಜಿಗಿದು, ನವೆಂಬರ್ 12ರಂದು ಸಾರ್ವತ್ರಿಕ ಮುಷ್ಕರವೂ ನಡೆಯಿತು. ಎರ್ಹಾರ್ಡ್‌ನನ್ನು ದೂರದೃಷ್ಟಿಯ ಪುರುಷನನ್ನಾಗಿ ಮಾಡಿದ್ದು ಆಮೇಲಿನ ವರ್ಷಗಳು.

ಅವಿಭಕ್ತ ಕುಟುಂಬ ಒಡೆಯುವಾಗ ಪಾಲುಪಟ್ಟಿ ಬರೆಯುವ ಮೊದಲೇ ಒಲೆ ಬೇರೆಯಾಗುತ್ತದೆ. ಜರ್ಮನಿಯಲ್ಲಿ ಒಲೆ ಬೇರೆಯಾದದ್ದು ಆ ಭಾನುವಾರ. ಹೊಸ ನೋಟು ಸಿದ್ಧವಿರದ ಸೋವಿಯತ್ ವಲಯ ಮೂರೇ ದಿನಗಳಲ್ಲಿ ಹಳೆಯ ನೋಟುಗಳ ಮೇಲೆ ಕೂಪನ್ ಅಂಟಿಸಿ ತನ್ನದೇ ಹಣ ಮಾಡಿಕೊಂಡಿತು. ಪಶ್ಚಿಮ ಬರ್ಲಿನ್ನಿಗೆ 'ಬಿ' ಮುದ್ರೆ ಒತ್ತಿದ ಡಾಯ್ಚ ಮಾರ್ಕ್ ಬಂದಿತು. ಜೂನ್ 24ರಂದು ಸೋವಿಯತ್ ಸೇನೆ ನಗರದ ಪಶ್ಚಿಮ ಭಾಗಕ್ಕೆ ರಸ್ತೆ, ರೈಲು, ಕಾಲುವೆ ಎಲ್ಲವನ್ನೂ ಮುಚ್ಚಿತು.

ಬರ್ಲಿನ್ ದಿಗ್ಬಂಧನ

ಉಳಿದದ್ದು ಮೂರು ಆಕಾಶಪಥ. ಅವುಗಳ ಮೂಲಕ ಅಮೆರಿಕನ್ ಮತ್ತು ಬ್ರಿಟಿಷ್ ವಿಮಾನಗಳು ಸುಮಾರು 2.78 ಲಕ್ಷ ಹಾರಾಟಗಳಲ್ಲಿ 23 ಲಕ್ಷ ಟನ್ ಸರಕು ಸಾಗಿಸಿದವು. ಅದರಲ್ಲಿ ಮೂರನೆಯ ಎರಡು ಪಾಲು ಕಲ್ಲಿದ್ದಲು. ತೂಕ ಉಳಿಸಲು ಆಲೂಗೆಡ್ಡೆಯನ್ನೂ ಒಣಗಿಸಿ ಪುಡಿಮಾಡಿ ತರುತ್ತಿದ್ದರು. ಜುಲೈ ಕೊನೆಯಲ್ಲಿ ಇದರ ಹೊಣೆ ಹೊತ್ತ ಜನರಲ್ ವಿಲಿಯಂ ಟನ್ನರ್, ಯುದ್ಧಕಾಲದಲ್ಲಿ ನಮ್ಮ ಅಸ್ಸಾಮಿನಿಂದ ಹಿಮಾಲಯ ದಾಟಿಸಿ ಚೀನಕ್ಕೆ ಸರಕು ಸಾಗಿಸಿದ ಅನುಭವಿ. ಅವನ ಕಟ್ಟಳೆ ಸರಳ: ಮೂರು ನಿಮಿಷಕ್ಕೊಂದು ವಿಮಾನ ಇಳಿಯಬೇಕು, ಮೊದಲ ಸಲಕ್ಕೆ ಇಳಿಯಲಾಗದವನು ಸುತ್ತು ಹೊಡೆಯದೆ ಸರಕಿನೊಂದಿಗೆ ವಾಪಸು ಹೋಗಬೇಕು. ಪೈಲಟ್‌ಗಳು ತಿಂಡಿಗೆಂದು ದೂರ ಹೋಗಬಾರದೆಂದು ತಿಂಡಿಯ ಗಾಡಿಯನ್ನೇ ವಿಮಾನದ ಬಳಿಗೆ ಕಳಿಸುತ್ತಿದ್ದ. ಫ್ರೆಂಚ್ ಭಾಗದ ಟೇಗೆಲ್‌ನಲ್ಲಿ ಸಾವಿರಾರು ಬರ್ಲಿನ್ನಿಗರು, ಗಂಡಸರೂ ಹೆಂಗಸರೂ, ಬಾಂಬು ಬಿದ್ದ ಮನೆಗಳ ಇಟ್ಟಿಗೆ ಚೂರು ತುಂಬಿ ಮೂರು ತಿಂಗಳಲ್ಲಿ ಹೊಸ ರನ್‌ವೇ ಮಾಡಿಕೊಟ್ಟರು.

1949ರ ಮೇ 12ರಂದು ದಿಗ್ಬಂಧನ ತೆರವಾಯಿತು. ನಾಲ್ಕು ವರ್ಷಗಳ ಹಿಂದೆ ಅದೇ ನಗರದ ಮೇಲೆ ಬಾಂಬು ಹಾಕಿದ್ದವರು ಈಗ ರಕ್ಷಕರಾಗಿದ್ದರು. ಸ್ಟಾಲಿನ್ ತಡೆಯಹೊರಟಿದ್ದ ಪಶ್ಚಿಮ ಜರ್ಮನ್ ರಾಷ್ಟ್ರಕ್ಕೆ ಇದಕ್ಕಿಂತ ಒಳ್ಳೆಯ ಜನಮತ ಸಿಗುವಂತಿರಲಿಲ್ಲ.

ಎರಡು ರಾಷ್ಟ್ರಗಳು

ಬಾನ್ ನಗರದಲ್ಲಿ 1948ರ ಸೆಪ್ಟೆಂಬರಿನಿಂದ, ಪಶ್ಚಿಮ ರಾಷ್ಟ್ರದ ಶಾಸನ ರಚಿಸಲು, ಕೂಡಿದ ಸಂಸದೀಯ ಮಂಡಳಿಯ 65 ಸದಸ್ಯರಲ್ಲಿ ನಾಲ್ವರು ಮಹಿಳೆಯರಿದ್ದರು. ಅವರಲ್ಲಿ ಎಲಿಜಬೆತ್ ಸೆಲ್ಬರ್ಟ್ ಹಟ ಹಿಡಿದಿದ್ದರಿಂದ ಸ್ತ್ರೀ–ಪುರುಷರ ಸಮಾನ ಹಕ್ಕು ಒಂದೇ ವಾಕ್ಯದಲ್ಲಿ ಶಾಸನಕ್ಕೆ ಬಂತು. ಒಡಕು ಕಾಯಂ ಎನಿಸಬಾರದೆಂದು ಅದನ್ನು ಸಂವಿಧಾನ ಎನ್ನದೆ ಮೂಲ ಶಾಸನ ಎಂದು ಕರೆದರು. 1949ರ ಮೇ 23ರಂದು ಅದು ಪ್ರಕಟವಾಯಿತು. ಸೆಪ್ಟೆಂಬರ್ 15ರಂದು 73 ವರ್ಷದ ಕೊನ್ರಾಡ್ ಅಡೆನೌವರ್ ಕನಿಷ್ಠ ಬೇಕಾದಷ್ಟೇ ಮತ ಪಡೆದು, ತಮ್ಮ ಮತವನ್ನೂ ಸೇರಿಸಿ, ಚಾನ್ಸಲರ್ ಆದರು. ವಾರದ ನಂತರ ಪೀಟರ್ಸ್‌ಬೆರ್ಗ್ ಬೆಟ್ಟದ ಹೋಟೆಲಿನಲ್ಲಿ ಪಾಶ್ಚಾತ್ಯ ದೇಶಗಳ ಮೂವರು ಹೈಕಮಿಷನರುಗಳು ರತ್ನಗಂಬಳಿಯ ಮೇಲೆ ನಿಂತು ಅವರನ್ನು ಬರಮಾಡಿಕೊಂಡರು. ಚಾನ್ಸಲರ್ ಗಂಬಳಿಯ ಹೊರಗೆ ನಿಲ್ಲಬೇಕೆಂಬುದು ಏರ್ಪಾಟು. ಅಡೆನೌವರ್ ಕೈಕುಲುಕುವ ನೆಪದಲ್ಲಿ ಗಂಬಳಿ ತುಳಿದೇಬಿಟ್ಟರು. ಅಕ್ಟೋಬರ್ 7ರಂದು ಪೂರ್ವದಲ್ಲಿ ಜರ್ಮನ್ ಪ್ರಜಾಸತ್ತಾತ್ಮಕ ಗಣರಾಜ್ಯ ಘೋಷಣೆಯಾಯಿತು. ಪೀಕ್ ಅಧ್ಯಕ್ಷ, ಗ್ರೋಟೆವೋಲ್ ಪ್ರಧಾನಿ. ನಿಜವಾದ ಅಧಿಕಾರವಿದ್ದದ್ದು ಪಕ್ಷದ ವಾಲ್ಟರ್ ಉಲ್‌ಬ್ರಿಕ್ಟ್ ಕೈಯಲ್ಲಿ.

ಒಡೆಯದೆ ಇರಲು ಸಾಧ್ಯವಿತ್ತೇ? ನಾಲ್ಕು ವಲಯಗಳಾಗಿಯೇ ಹಂಚಿಹೋಗಿದ್ದ ಆಸ್ಟ್ರಿಯ ಒಡೆಯಲಿಲ್ಲ. ಅಲ್ಲಿ ಕಾರ್ಲ್ ರೆನ್ನರ್ ನೇತೃತ್ವದ ಸರ್ಕಾರವನ್ನು 1945ರಲ್ಲೇ ನಾಲ್ವರೂ ಒಪ್ಪಿದ್ದರು; 1955ರಲ್ಲಿ ಅದು ತಟಸ್ಥ ದೇಶವಾಗಿ ಬಿಡುಗಡೆ ಪಡೆಯಿತು. ಜಪಾನನ್ನು ಪಾಲು ಮಾಡಲು ಅಮೆರಿಕ ಬಿಡಲೇ ಇಲ್ಲ. ಅಲ್ಲಿನ ಕಾಮನ್‌ವೆಲ್ತ್ ಪಡೆಯಲ್ಲಿ ಭಾರತದ 268ನೆಯ ಬ್ರಿಗೇಡಿಗೆ ಅಧಿಪತಿಯಾಗಿದ್ದವರು ಕೊಡಗಿನ ಕೆ. ಎಸ್. ತಿಮ್ಮಯ್ಯ, ಒಡೆದುಹೋದ ಕೊರಿಯದಲ್ಲಿ 1953ರಲ್ಲಿ ಯುದ್ಧಕೈದಿಗಳ ತಟಸ್ಥ ಆಯೋಗಕ್ಕೂ ಅವರೇ ಅಧ್ಯಕ್ಷರಾದರು.

ಪುನರ್ನಿರ್ಮಾಣ

ಪಶ್ಚಿಮ ಜರ್ಮನಿಯ ಏಳಿಗೆಯನ್ನು ಮಾರ್ಷಲ್ ಯೋಜನೆಯ ಖಾತೆಗೆ ಬರೆಯುವುದು ಸುಲಭ. ಅದರಿಂದ ಬಂದದ್ದು ಸುಮಾರು 140 ಕೋಟಿ ಡಾಲರ್. ಬ್ರಿಟನ್ ಮತ್ತು ಫ್ರಾನ್ಸಿಗೆ ಇದಕ್ಕಿಂತ ಹೆಚ್ಚು ಸಿಕ್ಕಿತ್ತು. ಬಾಂಬುಗಳು ಮನೆ ಮತ್ತು ಸೇತುವೆಗಳನ್ನು ಕೆಡವಿದಷ್ಟು ಯಂತ್ರಗಳನ್ನು ಕೆಡವಿರಲಿಲ್ಲ. ಪೂರ್ವದಿಂದ ಬಂದ ಲಕ್ಷಾಂತರ ನಿರಾಶ್ರಿತರು ಕಸುಬು ಬಲ್ಲವರಾಗಿದ್ದರು, ಕಡಿಮೆ ಕೂಲಿಗೆ ದುಡಿದರು. 1950ರ ಕೊರಿಯ ಯುದ್ಧ ಉಕ್ಕು ಮತ್ತು ಯಂತ್ರಗಳಿಗೆ ಜಗತ್ತಿನಾದ್ಯಂತ ಬೇಡಿಕೆ ಹುಟ್ಟಿಸಿತು. ಅಮೆರಿಕದ ಹಣ ಮಾಡಿದ ದೊಡ್ಡ ಕೆಲಸವೆಂದರೆ, ನೆರವಿನ ಸರಕು ಮಾರಿ ಬಂದ ಮಾರ್ಕುಗಳನ್ನು 1948ರಲ್ಲಿ ಸ್ಥಾಪಿಸಿದ ಪುನರ್ನಿರ್ಮಾಣ ಬ್ಯಾಂಕಿನ ಮೂಲಕ ಮತ್ತೆ ಮತ್ತೆ ಸಾಲವಾಗಿ ತಿರುಗಿಸಿದ್ದು.

ವುಲ್ಫ್ಸ್‌ಬುರ್ಗ್‌ನ ಕಾರು ಕಾರ್ಖಾನೆ ಒಳ್ಳೆಯ ಉದಾಹರಣೆ. ಹಿಟ್ಲರ್ ಕಟ್ಟಿಸಿದ್ದ ಅದನ್ನು ಕಳಚಿಹಾಕುವ ಯೋಚನೆಯಿತ್ತು. ಬ್ರಿಟಿಷ್ ಮೇಜರ್ ಐವನ್ ಹರ್ಸ್ಟ್ ಅಲ್ಲಿದ್ದ ಒಂದು ಹಳೆಯ ಕಾರಿಗೆ ಹಸಿರು ಬಣ್ಣ ಬಳಿಸಿ ಮೇಲಧಿಕಾರಿಗಳಿಗೆ ತೋರಿಸಿ, ಸೇನೆಯಿಂದಲೇ 20,000 ಕಾರುಗಳ ಬೇಡಿಕೆ ತಂದ. ಬ್ರಿಟಿಷ್ ಕಾರು ತಯಾರಕರು ಈ ಕಾರ್ಖಾನೆಯಲ್ಲಿ ಹುರುಳಿಲ್ಲವೆಂದು ಕೈಬಿಟ್ಟರು. 1955ರ ಆಗಸ್ಟಿನಲ್ಲಿ ಅಲ್ಲಿಂದ ಹತ್ತು ಲಕ್ಷನೆಯ ಬೀಟಲ್ ಕಾರು ಹೊರಬಂತು.

ಬೆಂಗಳೂರಿಗೂ ಈ ಕಾಲದ ಎಳೆಯೊಂದಿದೆ. ಸೋತ ಜರ್ಮನಿಯಲ್ಲಿ ವಿಮಾನ ತಯಾರಿಕೆಗೆ ನಿಷೇಧವಿದ್ದುದರಿಂದ ಫೋಕ್–ವುಲ್ಫ್ ಸಂಸ್ಥೆಯ ಮುಖ್ಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅರ್ಜೆಂಟೀನಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಬಂದ. ಅವನ ತಂಡ ಎಚ್‌ಎಎಲ್‌ನ ಎಂಜಿನಿಯರುಗಳೊಂದಿಗೆ ರೂಪಿಸಿದ ಮಾರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಇಲ್ಲಿನ ಆಕಾಶದಲ್ಲಿ ಮೊದಲ ಸಲ ಹಾರಿತು. ಸ್ಟುಟ್‌ಗಾರ್ಟಿನ ಬಾಷ್ ಕಂಪನಿಯ ಸಹಯೋಗದ ಮೈಕೋ ಕಾರ್ಖಾನೆಯೂ 1950ರ ದಶಕದ ಮೊದಲಲ್ಲೇ ಆಡುಗೋಡಿಗೆ ಬಂತು.

ಪೂರ್ವ ಜರ್ಮನಿಗೆ ಇಂಥ ಅನುಕೂಲ ಇರಲಿಲ್ಲ. ಕಡಿಮೆ ಜನ, ಕಡಿಮೆ ಕಲ್ಲಿದ್ದಲು, ಪರಿಹಾರದ ಭಾರವೋ ಹೆಚ್ಚು. ದುಡಿಮೆಯ ಪ್ರಮಾಣವನ್ನು ಶೇ 10ರಷ್ಟು ಏರಿಸಿದಾಗ ಬರ್ಲಿನ್ನಿನ ಸ್ಟಾಲಿನ್ ಅವೆನ್ಯೂದ ಕಟ್ಟಡ ಕಾರ್ಮಿಕರು ಕೆಲಸ ನಿಲ್ಲಿಸಿದರು. 1953ರ ಜೂನ್ 17ರಂದು ಅದು ದೇಶವ್ಯಾಪಿ ದಂಗೆಯಾಯಿತು. ಸೋವಿಯತ್ ಟ್ಯಾಂಕುಗಳು ಅದನ್ನು ಹತ್ತಿಕ್ಕಿದವು. ಜನ ಪಶ್ಚಿಮಕ್ಕೆ ಹೋಗುತ್ತಲೇ ಇದ್ದರು. 1961ರ ಆಗಸ್ಟ್ 13ರಂದು ಬರ್ಲಿನ್ ಗೋಡೆ ಏಳುವವರೆಗೆ ಸುಮಾರು 27 ಲಕ್ಷ ಜನ ಹೋಗಿದ್ದರು.

ಲೆಕ್ಕ ತೀರಿಸಿದ ಬಗೆ

1952ರ ಸೆಪ್ಟೆಂಬರಿನಲ್ಲಿ ಲಕ್ಸೆಂಬರ್ಗ್‌ನಲ್ಲಿ ಪಶ್ಚಿಮ ಜರ್ಮನಿ ಇಸ್ರೇಲಿಗೆ ಪರಿಹಾರವಾಗಿ 300 ಕೋಟಿ ಮಾರ್ಕ್ ಕೊಡುವ ಒಪ್ಪಂದವಾಯಿತು. ಅದೇ ವರ್ಷದ ಕಾನೂನೊಂದು ಆಸ್ತಿ ಉಳಿದವರ ಆಸ್ತಿಬೆಲೆಯ ಅರ್ಧದಷ್ಟನ್ನು 30 ವರ್ಷಗಳ ಕಂತಿನಲ್ಲಿ ವಸೂಲು ಮಾಡಿ ಎಲ್ಲ ಕಳೆದುಕೊಂಡವರಿಗೆ ಹಂಚಿತು. 1951ರ ಏಪ್ರಿಲಿನಲ್ಲಿ ಫ್ರಾನ್ಸ್ ಸೇರಿ ಐದು ದೇಶಗಳೊಂದಿಗೆ ಕಲ್ಲಿದ್ದಲು–ಉಕ್ಕು ಸಮುದಾಯದ ಒಪ್ಪಂದಕ್ಕೆ ಸಹಿಯಾಗಿ ರೂರ್ ಮೇಲಿನ ತಕರಾರು ಮುಗಿಯಿತು. 1955ರ ಮೇ 5ರಂದು ಪಶ್ಚಿಮದಲ್ಲಿ ಅಧೀನ ಆಡಳಿತ ಕೊನೆಗೊಂಡಿತು. ನಾಲ್ಕು ದಿನಕ್ಕೆ ಆ ದೇಶ ನ್ಯಾಟೊ ಸೇರಿತು. ಮೇ 14ರಂದು ವಾರ್ಸಾ ಒಪ್ಪಂದವಾಯಿತು. ನಾಲ್ಕು ದೇಶಗಳು 1945ರಲ್ಲಿ ವಹಿಸಿಕೊಂಡ ಹಕ್ಕುಗಳಲ್ಲಿ ಉಳಿದವನ್ನು 1990ರ ಸೆಪ್ಟೆಂಬರ್ 12ರ ಮಾಸ್ಕೋ ಒಪ್ಪಂದದಲ್ಲಿ ಬಿಟ್ಟುಕೊಟ್ಟವು. ಕೊನೆಯ ರಷ್ಯನ್ ಪಡೆ ತೆರಳಿದ್ದು 1994ರ ಆಗಸ್ಟಿನಲ್ಲಿ.

1953ರ ಲಂಡನ್ ಒಪ್ಪಂದ ಜರ್ಮನಿಯ ಹಳೆಯ ವಿದೇಶಿ ಸಾಲವನ್ನು ಸುಮಾರು ಅರ್ಧಕ್ಕೆ ಇಳಿಸಿತ್ತು. ಮೊದಲ ಮಹಾಯುದ್ಧದ ಪರಿಹಾರಕ್ಕಾಗಿ ಎತ್ತಿದ್ದ ಸಾಲಪತ್ರಗಳ ಬಾಕಿ ಬಡ್ಡಿಯ ಒಂದು ಭಾಗವನ್ನು ಎರಡು ಜರ್ಮನಿಗಳು ಒಂದಾದ ಮೇಲೆ ಕೊಟ್ಟರೆ ಸಾಕೆಂದು ಅದರಲ್ಲಿ ಒಂದು ಕಲಮಿತ್ತು. ಹಾಗಾಗಬಹುದೆಂದು ಆಗ ನಂಬಿದವರು ಕಡಿಮೆ. ಅದರ ಕೊನೆಯ ಕಂತನ್ನು ಜರ್ಮನಿ 2010ರ ಅಕ್ಟೋಬರ್ 3ರಂದು ಕಟ್ಟಿತು.